ಅಜ್ಜನ ಹತ್ತು ರೂಪಾಯಿ

ಅಜ್ಜ 1957ರಲ್ಲಿ ರಾಣೆಬೆನ್ನೂರಿನ ಸಂತೆಯೊಳಗೆ ಯಾರದೋ ಹತ್ತಿರ ಹತ್ತು ರೂಪಾಯಿ ಕೈಗಡ ಇಸಿದುಕೊಂಡು ಮರೆತುಬಿಟ್ಟ ಅಂತಲೇ ಇಟ್ಟುಕೊಳ್ಳಿ. ಆಣೆ ಹೋಗಿ ನಯಾಪೈಸೆ ಬಂದ ವರ್ಷ, ಮರೆವಿಗೆ ನೆಪವೂ ಇತ್ತು. ಈಗ ಮೊಮ್ಮಗನಿಗೆ ಋಣ ತೀರಿಸುವ ಹುಕಿ ಬಂದರೆ ಎಷ್ಟು ಕೊಡಬೇಕು? ಹತ್ತನ್ನೇ ಕೊಟ್ಟರೆ ಒಂದು ಚಾ ಕುಡಿಸಿದ ಹಾಗಾಯಿತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಊರಬಡ್ಡಿ ಹಿಡಿದು, ವರ್ಷಕ್ಕೊಮ್ಮೆ ಚಕ್ರಬಡ್ಡಿ ಕಟ್ಟಿದರೆ 68 ವರ್ಷಕ್ಕೆ ಎರಡು ಕೋಟಿ ದಾಟುತ್ತದೆ; ಅದಕ್ಕಿಂತ ಅಜ್ಜನೇ ನಮ್ಮವನಲ್ಲ ಎಂದುಬಿಡುವುದು ಸೋವಿ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ ನಡೆಯುತ್ತಿದ್ದ ದಾಮದುಪ್ಪಟ್ಟಿನ ಕಟ್ಟಳೆ ಕೇಳಿದರೆ ಬಾಕಿ ಬಡ್ಡಿ ಅಸಲನ್ನು ಮೀರಬಾರದು, ಅಲ್ಲಿಗೆ ಇಪ್ಪತ್ತಕ್ಕೆ ಚುಕ್ತಾ. ಕೈಗಡಕ್ಕೆ ಮೂರು ವರ್ಷದ ವಾಯಿದೆ ಮುಗಿದಿದ್ದರಿಂದ ಕೋರ್ಟಿನ ಪ್ರಕಾರ ಸೊನ್ನೆ. ಅಪ್ಪ-ಅಜ್ಜಂದಿರ ಸಾಲ ತೀರಿಸುವ ಧರ್ಮದ ಹೊರೆಯನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಕ್ಕಳು-ಮೊಮ್ಮಕ್ಕಳ ತಲೆಯಿಂದ ಇಳಿಸಿತು ನಿಜ, ಆದರೆ ಅದು ಆಮೇಲಿನ ಸಾಲಕ್ಕೆ. ನಮ್ಮ ಅಜ್ಜ ಅವಸರ ಮಾಡಿಬಿಟ್ಟಿದ್ದ. ಸೊನ್ನೆ, ಹತ್ತು, ಇಪ್ಪತ್ತು, ಎರಡು ಕೋಟಿ: ಲೆಕ್ಕ ಒಂದೂ ತಪ್ಪಿಲ್ಲ, ಆದರೆ ಒಂದನ್ನೂ ಸಾಲ ಕೊಟ್ಟವರ ಮನೆ ಹೊಸ್ತಿಲಲ್ಲಿ ನಿಂತು ಹೇಳುವಂತಿಲ್ಲ.

ಹೇಳುವಂಥ ಉತ್ತರ ಈ ಸೀಮೆಯಲ್ಲಿ ಸಿಗುವುದು ಆಯೇರಿ ಬರೆಯುವ ವಹಿಯಲ್ಲಿ. ಮದುವೆ ಮಂಟಪದ ಮೂಲೆಯಲ್ಲಿ ಒಬ್ಬರು ಕೂತು ಹೆಸರು, ಊರು, ಮೊತ್ತ, ಕುಪ್ಪಸದ ಖಣವೋ ಪಾತ್ರೆಯೋ ಎಲ್ಲವನ್ನೂ ಬರೆಯುತ್ತಾರೆ. ಪಕ್ಕದಲ್ಲಿ ಮೈಕು ಅದನ್ನು ಊರಿಗೆಲ್ಲ ಸಾರುತ್ತದೆ. ಕೊಟ್ಟವರ ಮನೆಯಲ್ಲಿ ಮುಂದೆ ಮದುವೆಯಾದಾಗ ಆ ವಹಿ ಕಪಾಟಿನಿಂದ ಕೆಳಗಿಳಿಯುತ್ತದೆ. ಅಲ್ಲಿ ಹನ್ನೊಂದು ಎಂದಿದ್ದರೆ ಯಾರೂ ಹನ್ನೊಂದು ಒಯ್ಯುವುದಿಲ್ಲ. ಬೀಗತನ ಎಷ್ಟು ಹತ್ತಿರದ್ದು, ಈ ಸಲ ಹತ್ತಿ-ಗೋವಿನಜೋಳ ಎಷ್ಟು ಬಂತು, ನಡುವೆ ಮುನಿಸೇನಾದರೂ ಇದೆಯೇ ಎಂದು ತೂಗಿ 501ಕ್ಕೆ ನಿಲ್ಲುತ್ತಾರೆ. ಹಣದುಬ್ಬರದ ಸೂಚ್ಯಂಕ ಇದಕ್ಕಿಂತ ಹೆಚ್ಚೇನು ಮಾಡುತ್ತದೆ? ಮುನಿಸಿನ ಅಂಕಣವಂತೂ ಅದರಲ್ಲಿಲ್ಲ. ಇಷ್ಟರಲ್ಲೂ ಏರದೆ ಉಳಿದದ್ದು ಮೇಲಿನ ಆ ಒಂದು ರೂಪಾಯಿ. 11ರ ಬಾಲಕ್ಕೂ ಅದೇ, 5001ರ ಬಾಲಕ್ಕೂ ಅದೇ. ಈಗ ಲಕೋಟೆ ಮಾರುವವರೇ ಅದನ್ನು ಅಂಟಿಸಿ ಕೊಡುತ್ತಾರೆ.

ಇಷ್ಟು ರಾಮಾಯಣ ಏಕೆ, ಸಾಲವನ್ನು ಹಣದಲ್ಲಲ್ಲ, ಮಾಲಿನಲ್ಲಿ ತೀರಿಸಿದರಾಯಿತಲ್ಲ ಎನ್ನಬಹುದು. ಹತ್ತು ರೂಪಾಯಿಗೆ ಅಂದು ಬಂದಷ್ಟೇ ಬ್ಯಾಡಗಿ ಮೆಣಸಿನಕಾಯಿ ಇಂದು ಕೊಡುವುದು. ಬ್ಯಾಡಗಿ ಮಾರುಕಟ್ಟೆ ನೋಡಿದವರು ಈ ಸಲಹೆ ಕೊಡಲಾರರು. 2024ರ ಮಾರ್ಚ್‌ನಲ್ಲಿ ದರ ಏಕಾಏಕಿ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಎರಡು ಸಂತೆಗಳ ನಡುವೆ ನಿಲ್ಲದ ದರ ಎರಡು ತಲೆಮಾರಿನ ನಡುವೆ ನಿಂತೀತೇ? ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಆಯೇರಿ ಕೊಡಲೆಂದೇ ಬಡವರು ಸಾಲ ಮಾಡುತ್ತಾರೆ, ಮಕ್ಕಳಿಲ್ಲದವರು ಕೊಡುತ್ತಲೇ ಹೋಗುತ್ತಾರೆ, ಅವರಿಗೆ ಹಿಂತಿರುಗಿ ಬರುವ ಮದುವೆಯೇ ಇಲ್ಲ. ಇದಕ್ಕೆ ವಹಿಯ ಪರ ವಾದಿಸುವ ನನ್ನಲ್ಲಿ ಉತ್ತರವಿಲ್ಲ. ವಹಿಗೆ ದರ ಏರಿಸುವುದು ಗೊತ್ತು, ಮನ್ನಾ ಮಾಡುವುದು ಗೊತ್ತಿಲ್ಲ. ಆ ಕೆಲಸಕ್ಕೆ 1976ರಲ್ಲಿ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯ್ದೆಯೇ ಬರಬೇಕಾಯಿತು. ಅದು ಬಡವರು ಸಾಹುಕಾರರಿಗೆ ಕೊಡಬೇಕಿದ್ದ ಸಾಲ ಅಳಿಸಿತು, ಬೀಗರ ಬಾಕಿಗೆ ಕೈಹಚ್ಚುವ ಧೈರ್ಯ ಅದಕ್ಕೂ ಇರಲಿಲ್ಲ. ಈಗ ಮಂಟಪದಲ್ಲಿ ಫೋನ್‌ಪೇ ಫಲಕ ನಿಲ್ಲಿಸುತ್ತಾರೆ. ಅಂಟಿಸಲು ನಾಣ್ಯವಿಲ್ಲದಿದ್ದರೂ ಜನ 501 ಎಂದೇ ಒತ್ತುತ್ತಾರೆ, ಒತ್ತಿದವರು ವಹಿಯವನ ಹತ್ತಿರ ಬಂದು ತಮ್ಮ ಹೆಸರು ಬರೆದನೋ ಇಲ್ಲವೋ ಎಂದು ಬಗ್ಗಿ ನೋಡಿಯೇ ಊಟಕ್ಕೆ ಹೋಗುತ್ತಾರೆ.