ಬೋಂಡಾ ಉಪಸಮಿತಿ

ಕಚೇರಿಯ ಸಭೆಯಲ್ಲಿ ವಿಷಯದ ತೂಕಕ್ಕೂ ಜನರ ಮಾತಿಗೂ ಎಣ್ಣೆ ಸೀಗೆಕಾಯಿ. ಕೋಟಿ ರೂಪಾಯಿಯ ಕಡತ ಬಂದರೆ ಎಲ್ಲರೂ ಮೌನವ್ರತ ಹಿಡಿಯುತ್ತಾರೆ. ಇನ್ನೂರು ರೂಪಾಯಿಯ ಬಿಲ್ಲು ಬಂತೋ, ಪ್ರತಿಯೊಬ್ಬರೂ ಹಣಕಾಸು ಮಂತ್ರಿ.

ನಾನು ದುಡಿದ ಕಚೇರಿಯಲ್ಲಿ ತಿಂಗಳಿಗೊಂದು ಪರಿಶೀಲನಾ ಸಭೆ ಇರುತ್ತಿತ್ತು. (ಯಾವ ಕಚೇರಿ ಎಂದು ಕೇಳಬೇಡಿ. ಪಿಂಚಣಿ ಬರುತ್ತಿದೆ, ಬರುತ್ತಲೇ ಇರಲಿ.) ಸಾಹೇಬರ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲು, ನಮ್ಮ ಕುರ್ಚಿಗಳಿಗೆ ಬೆನ್ನೇ ಅನುಮಾನ. ಒಂದು ಸಭೆಯ ಮೊದಲ ವಿಷಯ, ಲೆಕ್ಕಪತ್ರವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಯೋಜನೆ. ಮೊತ್ತ ಕೋಟಿಯ ಆಚೆ. ಕಂಪನಿಯ ಹುಡುಗ ಕೋಟು ತೊಟ್ಟು ಬಂದ, ಗೋಡೆಯ ಮೇಲೆ ಚೌಕ, ಬಾಣಗಳನ್ನು ಮೂಡಿಸಿದ, ಸರ್ವರ್ ಎಂದ, ಕ್ಲೌಡ್ ಎಂದ, ಮಾಡ್ಯೂಲ್ ಎಂದ. ಸಾಹೇಬರು ತಲೆಯಾಡಿಸಿದರು. ಅದನ್ನು ನೋಡಿ ಸೂಪರಿಂಟೆಂಡೆಂಟರು ಆಡಿಸಿದರು. ಸೂಪರಿಂಟೆಂಡೆಂಟರನ್ನು ನೋಡಿ ನಾವು. "ಯಾರಿಗಾದರೂ ಸಂದೇಹ ಇದೆಯೇ?" ಫ್ಯಾನಿನ ಕಟಕಟ ಬಿಟ್ಟರೆ ಸದ್ದಿಲ್ಲ. ನಡವಳಿಯಲ್ಲಿ "ಸುದೀರ್ಘ ಚರ್ಚೆಯ ನಂತರ ಅನುಮೋದಿಸಲಾಯಿತು" ಎಂದು ದಾಖಲಾಯಿತು.

ಎರಡನೆಯ ವಿಷಯ, ಸಭೆಗೆ ತರಿಸುವ ತಿಂಡಿ. ಬೋಂಡಾ ಸಾಕಾಯಿತು, ಬದಲಿಸಬೇಕೇ ಎಂಬುದು.

"ವಡೆ ಮಾಡಿ ಸಾರ್," ಎಂದರು ಟಪಾಲು ವಿಭಾಗದವರು.

"ಬೋಂಡಾ ಪ್ಲೇಟಿಗೆ ಎರಡು ಬರುತ್ತೆ, ವಡೆ ಒಂದೇ," ಎಂದರು ಲೆಕ್ಕದವರು.

"ಎಣ್ಣೆ ಪದಾರ್ಥವೇ ಬೇಡ ಸಾರ್, ಅರ್ಧ ಸ್ಟಾಫಿಗೆ ಬಿ.ಪಿ. ಇದೆ," ಎಂದರು ಸಿಬ್ಬಂದಿ ವಿಭಾಗದ ಮೇಡಂ.

"ಹಾಗಾದರೆ ಖಾರಾಬಾತ್."

"ಕೇಸರಿಬಾತ್ ಇಲ್ಲದೆ ಖಾರಾಬಾತ್ ಯಾಕ್ರೀ? ಚೌಚೌಬಾತೇ ಅನ್ನಿ."

"ಶನಿವಾರ ಒಪ್ಪೊತ್ತು ಮಾಡುವವರ ಗತಿ?"

ಈ ಕೊನೆಯ ಪ್ರಶ್ನೆ ಕೇಳಿದವರು ಅದುವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆದವರಲ್ಲ. ಹೊರಗೆ ಊಟದ ಡಬ್ಬಿಗಳು ತಣ್ಣಗಾದವು. ಮೂರು ಹೋಟೆಲುಗಳಿಂದ ದರಪಟ್ಟಿ ತರಿಸಿ ವರದಿ ಕೊಡಲು ಒಂದು ಉಪಸಮಿತಿಯಾಯಿತು.

ಇದು ನಮ್ಮ ಮಣ್ಣಿನ ಗುಣ ಎಂದುಕೊಂಡಿದ್ದೆ. ಅಲ್ಲವಂತೆ. ಸಿಂಗಪುರದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಇಂಗ್ಲೆಂಡಿನ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರಲ್ಲಿ ಹೊರತಂದ ಪುಸ್ತಕದಲ್ಲಿ ನಮ್ಮ ಸಭೆಯನ್ನು ಮೊದಲೇ ಬರೆದಿಟ್ಟುಬಿಟ್ಟಿದ್ದಾರೆ. ಅವರ ಕಲ್ಪನೆಯ ಸಮಿತಿ ಒಂದು ಕೋಟಿ ಪೌಂಡಿನ ಅಣುಸ್ಥಾವರವನ್ನು ಎರಡೂವರೆ ನಿಮಿಷದಲ್ಲಿ ಮಂಜೂರು ಮಾಡುತ್ತದೆ. ಗುಮಾಸ್ತರ ಸೈಕಲ್ ನಿಲ್ಲಿಸುವ 350 ಪೌಂಡಿನ ಶೆಡ್ಡಿಗೆ ಮುಕ್ಕಾಲು ಗಂಟೆ. ವರ್ಷಕ್ಕೆ 21 ಪೌಂಡಿನ ಕಾಫಿಗೆ ಒಂದೂಕಾಲು ಗಂಟೆ. ಅದೂ ತೀರ್ಮಾನವಾಗದೆ ಮುಂದಿನ ಸಭೆಗೆ. ಬೋಂಡಾ ಒಂದಿಲ್ಲ, ಮಿಕ್ಕಂತೆ ನಮ್ಮದೇ. ಆ ಸಮಿತಿಯಲ್ಲಿ ಸ್ಥಾವರದ ಲೋಪ ಗೊತ್ತಿದ್ದವನೂ ಒಬ್ಬನಿದ್ದ. ನಕ್ಷೆಯನ್ನೇ ಓದಲು ಬಾರದವರಿಗೆ ಎಲ್ಲಿಂದ ಹೇಳಲು ಶುರುಮಾಡುವುದೆಂದು ತೋಚದೆ ಸುಮ್ಮನಾದ.

ಕಾರಣ ಸರಳ. ಸರ್ವರ್ ಎಂದರೇನೆಂದು ಕೇಳಿದರೆ ಗೊತ್ತಿಲ್ಲದ್ದು ಬಯಲಾಗುತ್ತದೆ. ಬೋಂಡಾ ಬಗ್ಗೆ ಎಷ್ಟು ಮಾತಾಡಿದರೂ ಏನೂ ಬಯಲಾಗುವುದಿಲ್ಲ. ಜೊತೆಗೆ, ಸಭೆಗೆ ಬಂದ ಮೇಲೆ ನಡವಳಿಯಲ್ಲಿ ಹೆಸರು ಸೇರಬೇಕಲ್ಲ! ಕೋಟಿಯ ವಿಷಯದಲ್ಲಿ ನುಂಗಿಕೊಂಡ ಮಾತನ್ನೆಲ್ಲ ಬಡ್ಡಿ ಸಮೇತ ತಿಂಡಿಯ ಮೇಲೆ ತೀರಿಸಿಕೊಳ್ಳುತ್ತೇವೆ.

ತಲೆಯಾಡಿಸುವ ಕಾಯಿಲೆಯನ್ನೂ ಒಬ್ಬರು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ತೋರಿಸಿದ ಗೆರೆಗೆ ಪಕ್ಕದ ಗೆರೆಗಳಲ್ಲಿ ಉದ್ದದಲ್ಲಿ ಯಾವುದು ಸಮ ಎಂದು ಹೇಳಬೇಕು, ಅಷ್ಟೇ, ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿದ್ದ ಮಿಕ್ಕವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಾರೆ. ಆಗ ಪರೀಕ್ಷೆಗೆ ಒಳಗಾದವರಲ್ಲಿ ನಾಲ್ವರಲ್ಲಿ ಮೂವರು ಒಂದು ಸಲವಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಮಂದಿ ಹೇಳಿದ್ದನ್ನೇ ಹೇಳಿದರಂತೆ. ಆ ಕೋಣೆಯಲ್ಲಿ ಟರ್ಕಿ ಟವೆಲಿನ ಕುರ್ಚಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇದ್ದಿದ್ದರೆ ನಾಲ್ಕನೆಯವನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು. ಉತ್ತರವನ್ನು ಗುಟ್ಟಾಗಿ ಚೀಟಿಯಲ್ಲಿ ಬರೆಯಲು ಬಿಟ್ಟಾಗ ಈ ಹಿಂಬಾಲಿಕೆ ಎಷ್ಟೋ ಕಡಿಮೆಯಾಯಿತಂತೆ. ನಮ್ಮಲ್ಲಿ ಚೀಟಿಯ ಜಾಗದಲ್ಲಿ ಗೇಟಿನಾಚೆಯ ಟೀ ಅಂಗಡಿ ಇದೆ. ಸಭೆ ಮುಗಿದು ಬೈಟು ಟೀ ಕೈಗೆ ಬಂದದ್ದೇ ತಡ, "ಆ ಸಾಫ್ಟ್‌ವೇರ್ ನಡೆಯಲ್ಲ ಅಂತ ನಂಗಾಗಲೇ ಗೊತ್ತಿತ್ತು ಕಣ್ರೀ," ಎಂದು ಎಲ್ಲರೂ ಶುರು. ಕರೆಂಟು ಹೋದರೆ ಏನು ಗತಿ, ಹಳೆಯ ಲೆಜರುಗಳನ್ನು ತುಂಬುವವರು ಯಾರು, ಎಲ್ಲವೂ ಖಡಕ್ಕಾದ ಪ್ರಶ್ನೆಗಳೇ. ಆ ಬೆಂಚನ್ನು ಸಭಾಂಗಣಕ್ಕೆ ತಂದು ಹಾಕಿದ್ದರೆ ಸರ್ಕಾರಕ್ಕೆ ದುಡ್ಡು ಉಳಿಯುತ್ತಿತ್ತು. ನಿವೃತ್ತಿಗೆ ತಿಂಗಳು ಉಳಿದವರಾದರೂ ಒಳಗೆ ಬಾಯಿ ಬಿಡಬಹುದಲ್ಲ ಎನ್ನಬೇಡಿ. ಅವರ ಪಿಂಚಣಿ ಕಾಗದ ಇನ್ನೂ ಎ.ಜಿ. ಕಚೇರಿಗೆ ಹೊರಟಿರುವುದಿಲ್ಲ.

ಉಪಸಮಿತಿಯ ಕಥೆಗೆ ಬರೋಣ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಹಗ್ಗ ಎಳೆಸಿ ಅಳೆದು 1913ರಲ್ಲಿ ಬರೆದಂತೆ, ಎಂಟು ಜನ ಕೂಡಿ ಎಳೆದರೆ ಬರುವುದು ಸುಮಾರು ನಾಲ್ವರ ಬಲ. ತೇರಿನ ಹಗ್ಗ ಹಿಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಟ್ಟಿದರೂ ಪುಣ್ಯ, ಎಳೆಯುವವರು ಮುಂದಿದ್ದಾರೆ. ನಮ್ಮ ಉಪಸಮಿತಿಯ ಎಲ್ಲ ಸದಸ್ಯರೂ ಮೂರೂ ಹೋಟೆಲುಗಳಿಗೆ ಖುದ್ದಾಗಿ ಹೋಗಿ ತಿಂದು ನೋಡಿದರು. ವರದಿ ಬರೆಯುವ ಕೆಲಸವನ್ನು ಮಾತ್ರ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಬಿಟ್ಟರು. ನಾನು ನಿವೃತ್ತನಾಗುವವರೆಗೂ ಬೋಂಡಾವೇ ಬಂತು, ಪ್ಲೇಟಿಗೆ ಎರಡು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಕಿವಿಮಾತು. ನಿಮ್ಮ ಪ್ರಸ್ತಾವನೆ ತಕರಾರಿಲ್ಲದೆ ಪಾಸಾಗಬೇಕಿದ್ದರೆ ಮೊತ್ತವನ್ನು ಕೋಟಿಗೆ ಏರಿಸಿ, ನಾಲ್ಕು ಬಾಣಗಳಿರುವ ಚಿತ್ರ ತೋರಿಸಿ, ಊಟದ ಗಂಟೆಗೆ ಹತ್ತು ನಿಮಿಷ ಮುಂಚೆ ಮಂಡಿಸಿ. ತಿಂಡಿಯ ಬಿಲ್ಲನ್ನು ಮಾತ್ರ ಯಾವ ಕಾರಣಕ್ಕೂ ಸಭೆಗೆ ತರಬೇಡಿ, ಕೈಯಿಂದಲೇ ಕೊಟ್ಟುಬಿಡಿ.