ಇನ್ನೇನು ಹೊರಟರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇವರು ಸಿಗುತ್ತಾರೆ, ದೊಡ್ಡದಾದರೆ ಬ್ಲಾಕಿಗೊಬ್ಬರು. ಅವರನ್ನೆಲ್ಲ ಕಲಸಿ ಒಬ್ಬರನ್ನಾಗಿ ಮಾಡಿ ‘ಹೊರಡಪ್ಪ’ ಎಂದು ನಾಮಕರಣ ಮಾಡಿದ್ದೇನೆ. ವಯಸ್ಸು ಮೂವತ್ತಾರು. ಸಾಫ್ಟ್‌ವೇರ್ ಕೆಲಸ, ಫಿಸಿಯೋಥೆರಪಿಸ್ಟ್ ಹೆಂಡತಿ, ಐದು ವರ್ಷದ ಮಗಳು, ತಿಪಟೂರಿನ ಕಡೆ ಅಪ್ಪ ಅಮ್ಮ ಮತ್ತು ತೆಂಗಿನ ತೋಟ. ಕೆನಡಾಕ್ಕೆ ಹೊರಟಿದ್ದಾರೆ. ಮಗಳು ಹುಟ್ಟುವ ಮುಂಚಿನಿಂದಲೂ ಹೊರಟೇ ಇದ್ದಾರೆ.

ಅವರ ಮನೆಯಲ್ಲಿ ಕೂರಲು ಪ್ಲಾಸ್ಟಿಕ್ ಕುರ್ಚಿ. “ಸೋಫಾ ತಗೊಂಡು ಏನ್ಮಾಡೋದು ಸಾರ್, ಆಮೇಲೆ ಮಾರೋಕೆ ಪರದಾಡ್ಬೇಕು.” ಬಚ್ಚಲಿನ ನಲ್ಲಿ ಸೋರುತ್ತದೆ, ಹೋಗುವವರಿಗೆ ರಿಪೇರಿ ಯಾಕೆ? ಕಿಟಕಿಗೆ ಪರದೆಯ ಬದಲು ಹಳೇ ಬೆಡ್‌ಶೀಟು. ಅಟ್ಟದ ಮೇಲೆ ಮಾತ್ರ ನುಸಿಗುಳಿಗೆಯ ಸಮೇತ ಹಿಮದ ಜಾಕೆಟ್‌ಗಳಿವೆ. ಮಗಳಿಗೆಂದು ತಂದದ್ದು ಎರಡು ವರ್ಷದ ಮಗುವಿನ ಅಳತೆಯದು. ಒಮ್ಮೆಯೂ ಹಾಕದೆ ಅದು ಚಿಕ್ಕದಾಗಿ, ಊಟಿಗೆ ಹೊರಟಿದ್ದ ಪಕ್ಕದ ಮನೆಯ ಕೂಸಿಗೆ ಹೋಯಿತು. ಈಗ ಮುಂದಿನ ಅಳತೆಯದು ಬಂದು ಕೂತಿದೆ.

ಹೊರಡಪ್ಪನವರ ನಿಜವಾದ ವಾಸಸ್ಥಾನ ಒಂದು ಎಕ್ಸೆಲ್ ಶೀಟು. ಅಡ್ಡಕ್ಕೆ ಕೆನಡಾ, ಆಸ್ಟ್ರೇಲಿಯಾ, ಜರ್ಮನಿ, ‘ಇಲ್ಲೇ’. ಉದ್ದಕ್ಕೆ ಸಂಬಳ, ತೆರಿಗೆ, ಚಳಿ, ಶಾಲೆ, ಅಪ್ಪ ಅಮ್ಮ, ಕೊತ್ತಂಬರಿ ಸೊಪ್ಪು. ಪ್ರತಿ ಭಾನುವಾರ ಅಂಕ ಪರಿಷ್ಕರಣೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ ಕೆನಡಾ ಒಂದೇ ವಾರದಲ್ಲಿ ಬೆಂಗಳೂರನ್ನು ಹಿಂದೆ ಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆನಡಾ ಸರ್ಕಾರ 2025ರ ವಲಸೆಯ ಗುರಿಯನ್ನು 5 ಲಕ್ಷದಿಂದ 3,95,000ಕ್ಕೆ ಇಳಿಸಿತು, ಬೆಂಗಳೂರು ಮತ್ತೆ ಮೇಲೆದ್ದಿತು. ಕೆಲಸದಾಕೆ ರಜೆ ಹಾಕಿ, ಪಾತ್ರೆಯನ್ನೆಲ್ಲ ತಾವೇ ಉಜ್ಜಿದ ರಾತ್ರಿಯಂತೂ ಮೂರೂ ದೇಶಗಳು ಒಟ್ಟಿಗೆ ಕುಸಿದವು. ಜರ್ಮನಿಯದು ಬೇರೆಯೇ ಸಂಕಟ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. “ನಾನೇ ಇನ್ನೂ ಏನಾಗ್ಬೇಕು ಅಂತ ತೀರ್ಮಾನ ಮಾಡಿಲ್ಲ, ಹತ್ತು ವರ್ಷದ ಕೂಸು ಏನು ಮಾಡುತ್ತೆ?”

ನನ್ನ ಗುಮಾನಿ ಏನೆಂದರೆ, ಊರನ್ನು ಸಹಿಸಿಕೊಳ್ಳಲು ಅವರಿಗೆ ಈ ಶೀಟೇ ಆಧಾರ. ಸಿಲ್ಕ್ ಬೋರ್ಡಿನಲ್ಲಿ ನಾವೆಲ್ಲ ಹಾರನ್ ಒತ್ತುತ್ತಿರುವಾಗ ಅವರೊಬ್ಬರೇ ಶಾಂತಮೂರ್ತಿ. ಬಿಟ್ಟುಹೋಗುವ ಊರಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ವ್ಯರ್ಥವಲ್ಲವೇ? ಇಲ್ಲೇ ಇರುತ್ತೇನೆಂದು ಒಪ್ಪಿಕೊಂಡ ನನಗೆ ಮಾತ್ರ ರಕ್ತದೊತ್ತಡ.

ಇಂಗ್ಲಿಷ್ ಪರೀಕ್ಷೆಯ ಕಥೆ ಹೇಳದಿದ್ದರೆ ಈ ಚಿತ್ರ ಅಪೂರ್ಣ. ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ ಅವರಿಗೆ ಬೇಕಿದ್ದದ್ದು 7, ಬಂದದ್ದು 6.5. ಪ್ರಬಂಧದ ಸೂಚನೆ ಸರಳವಾಗಿಯೇ ಇತ್ತು: ಎರಡೂ ಕಡೆಯ ವಾದಗಳನ್ನು ಚರ್ಚಿಸಿ, ನಿಮ್ಮ ಅಭಿಪ್ರಾಯ ತಿಳಿಸಿ. 250 ಪದ ಬರೆದರೆ ಸಾಕು. ಹೊರಡಪ್ಪನವರು ಒಂದು ಕಡೆಯ ವಾದ ಬರೆದರು. ಅದಕ್ಕೆ ಅನ್ಯಾಯವಾಗದಂತೆ ಇನ್ನೊಂದು ಕಡೆಯದನ್ನೂ ಬರೆದರು. “ಆದರೂ” ಎಂದು ಮೊದಲನೆಯದಕ್ಕೆ ಮರಳಿದರು. ಅಭಿಪ್ರಾಯ ಬರೆಯುವ ಹೊತ್ತಿಗೆ ಗಂಟೆ ಹೊಡೆಯಿತು. ಆ ಪರೀಕ್ಷೆಯ ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು. ಮತ್ತೊಮ್ಮೆ ಬರೆಯಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅದೂ ತೀರಿಕೊಂಡಿತು.

ಹುಟ್ಟುಹಬ್ಬ ಅವರಿಗೆ ಸೂತಕ. ಕೆನಡಾದ ವಲಸೆ ಅಂಕಗಳ ಲೆಕ್ಕದಲ್ಲಿ ದಂಪತಿಯಾಗಿ ಅರ್ಜಿ ಹಾಕಿದವರಿಗೆ 29ರವರೆಗೆ ವಯಸ್ಸಿನ ಬಾಬತ್ತು 100 ಅಂಕ; ಆಮೇಲೆ ನಲವತ್ತರವರೆಗೆ ವರ್ಷಕ್ಕೆ ಐದೈದು ಕಡಿತ. ಮಗಳು “ಹ್ಯಾಪಿ ಬರ್ತ್‌ಡೇ ಅಪ್ಪಾ” ಎಂದು ಹಾಡುವಾಗ ಅವರ ತುಟಿ ಅಲುಗುತ್ತಿರುತ್ತದೆ. ಹಾಡುತ್ತಿದ್ದಾರೆಂದು ನಾವು ತಿಳಿದಿದ್ದೆವು. ಅವರು ಕಳೆಯುತ್ತಿದ್ದರು: “ಎಪ್ಪತ್ತು, ಅರವತ್ತೈದು…”

ತಿಪಟೂರಿನಲ್ಲಿ ಅಪ್ಪನಿಗೆ, ಅಪ್ಪ ಅಮ್ಮಂದಿರಿಗೆಂದೇ ಕೆನಡಾ ಕೊಡುವ ಸೂಪರ್ ವೀಸಾ ವಿವರಿಸಿದರಂತೆ. ಒಮ್ಮೆ ಬಂದರೆ ಐದು ವರ್ಷ ಇರಬಹುದು, ಆರೋಗ್ಯ ವಿಮೆ ಬೇಕಾಗುತ್ತದೆ. ಅಪ್ಪ ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿ, “ಐದು ವರ್ಷ ಅಲ್ಲಿ ಕೂತ್ರೆ ತೋಟಕ್ಕೆ ನೀರು ಯಾರು ಬಿಡ್ತಾರ್ಲಾ, ನಿಮ್ಮಮ್ಮನಾ?” ಅಂದರು. ಅಮ್ಮನದು ಇನ್ನೂ ನೇರ: “ಇರ್ತೀಯೋ, ಹೋಗ್ತೀಯೋ, ಒಂದು ಹೇಳ್ಬಿಡಪ್ಪ. ಮಾಳಿಗೆ ಮೇಲೊಂದು ರೂಮು ಹಾಕ್ಸೋದಾ ಬ್ಯಾಡ್ವಾ?” ಶೀಟಿಗೆ ‘ಮಾಳಿಗೆ ರೂಮು’ ಎಂದು ಒಂದು ಸಾಲು ಸೇರಿತು.

ಮೊನ್ನೆ ಹೆಂಡತಿಯೇ ಅವರನ್ನು ಎಳೆದುಕೊಂಡು ಒಬ್ಬ ಕನ್ಸಲ್ಟೆಂಟರ ಬಳಿ ಹೋದರು. ಅವರು ಇಬ್ಬರ ಕಾಗದಗಳನ್ನೂ ನೋಡಿ, “ಸಾರ್, ನಿಮ್ಮದು ಸ್ವಲ್ಪ ಕಷ್ಟ. ಮೇಡಂದು ಚೆನ್ನಾಗಿದೆ” ಎಂದರು. ಆರೋಗ್ಯ ಕ್ಷೇತ್ರದವರನ್ನು ಕೆನಡಾ 2023ರಿಂದ ಪ್ರತ್ಯೇಕವಾಗಿ ಕರೆಯುತ್ತಿದೆ, ಆ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟರೂ ಇದ್ದಾರೆ. ಮೇಡಂ ಮುಖ್ಯ ಅರ್ಜಿದಾರರಾಗಲಿ, ಸಾರ್ ಅವಲಂಬಿತರಾಗಲಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಸದ್ಯಕ್ಕೆ ಸಾರ್ ಜೊತೆಗೆ ಬರ್ತಿಲ್ಲ ಅಂತ ಹಾಕಿದ್ರೆ ಮೇಡಂ ಅಂಕ ಇನ್ನೂ ಏರುತ್ತೆ” ಎಂದರು.

ಆ ರಾತ್ರಿ ಶೀಟಿನಲ್ಲಿ ‘ಮಾತೃಭೂಮಿ’ ಎಂಬ ಹೊಸ ಸಾಲು ಕಾಣಿಸಿಕೊಂಡಿತು. ಉಳಿದೆಲ್ಲ ಸಾಲುಗಳು ಸೇರಿದರೂ ಅದರಷ್ಟು ತೂಕವಿಲ್ಲ. ಹೆಂಡತಿ ಮಾತ್ರ ಹೆಚ್ಚು ಮಾತಾಡದೆ ಪರೀಕ್ಷೆ ಬರೆದರು, 7.5 ತಂದರು, ಲ್ಯಾಪ್‌ಟಾಪ್ ತೆರೆದು ಅರ್ಜಿ ತುಂಬಲು ಕೂತರು. ಅರ್ಧ ಗಂಟೆಯ ನಂತರ ಒಳಗಿನಿಂದ ಕರೆದರು.

“ರೀ, ಗಂಡ ಜೊತೆಗೆ ಬರ್ತಾರಾ ಅಂತ ಕೇಳ್ತಾ ಇದೆ. ಹೌದು ಅಂತ ಒತ್ಲಾ, ಇಲ್ಲ ಅಂತ ಒತ್ಲಾ?”

“ಏ, ತಡಿಯೇ!” ಎಂದರು ಹೊರಡಪ್ಪನವರು. “ಭಾನುವಾರದವರೆಗೆ ಟೈಮ್ ಕೊಡು. ಎರಡೂ ಕಡೆ ನೋಡ್ಬೇಕಲ್ಲ.”