‘ಬೆಳ’ ಎಂದರೆ ಬೆಳ್ತಂಗಡಿ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಿಸೆ ತಡವಿದರೆ ಕನ್ನಡಕ ಇಲ್ಲ. ಮದುವೆ ಹಾಲಿನಲ್ಲಿ ಬಿಟ್ಟೆನೋ, ಮನೆಯಿಂದ ತರಲೇ ಇಲ್ಲವೋ, ದೇವರೇ ಬಲ್ಲ. ಜೊತೆಗಿದ್ದವಳು ಒಂದನೇ ಕ್ಲಾಸಿನ ಮೊಮ್ಮಗಳು. “ಯಾನ್ ಓದುವೆ ಅಜ್ಜಾ” ಎಂದು ತುಳುವಿನಲ್ಲೇ ಧೈರ್ಯ ಹೇಳಿದಳು. ಊರಿನ ಹೆಸರು ಕೂಗಬೇಕಾದ ಕಂಡಕ್ಟರ್ ಎಲ್ಲೋ ಚಹಾ ಕುಡಿಯುತ್ತಿದ್ದ. ಅವಳು ಒಂದು ಬಸ್ಸಿನೆದುರು ಕತ್ತೆತ್ತಿ ನಿಂತು, “ಬೆ... ಳ... ಬೆಳ್ತಂಗಡಿ!” ಎಂದಳು. ಹತ್ತಿ ಕುಳಿತೆವು. ಟಿಕೇಟಿಗೆ ಬಂದ ಕಂಡಕ್ಟರ್ “ಉಂದು ಕಾರ್ಲದ ಬಸ್ಸ್ ಅಜ್ಜೆರೆ” (ಇದು ಕಾರ್ಕಳದ ಬಸ್ಸು ಅಜ್ಜಾ) ಎಂದು ನಗುವಷ್ಟರಲ್ಲಿ ಬೆಳುವಾಯಿ ಬಂದಾಗಿತ್ತು. ಇಳಿದೆವು.

ಅವಳಿಗೆ ಬೈಯಲು ಮನಸ್ಸು ಬರಲಿಲ್ಲ. ಬೋರ್ಡಿನಲ್ಲಿದ್ದದ್ದು ‘ಬೆಳುವಾಯಿ’; ಮೊದಲ ಎರಡಕ್ಷರ ಬಹುಮಟ್ಟಿಗೆ ಸರಿಯಾಗಿಯೇ ಓದಿದ್ದಳಲ್ಲ. ಉಳಿದದ್ದನ್ನು ಮನಸ್ಸಿನಲ್ಲಿದ್ದ ಊರಿನಿಂದ ತುಂಬಿಸಿದಳು. ನಾನು ದಿನಾ ಪೇಪರ್ ಓದುವುದೂ ಹೆಚ್ಚುಕಡಿಮೆ ಹಾಗೆಯೇ.

ಮೂರು ವರ್ಷದವಳಿದ್ದಾಗ ಇವಳ ಓದಿಗೆ ಅಕ್ಷರದ ಹಂಗೇ ಇರಲಿಲ್ಲ. ಹಸಿರು ಬಸ್ಸು ಬಂದರೆ ಅದು ಅಜ್ಜಿಮನೆ ಬಸ್ಸು. ಬಿಸ್ಕಿಟ್ ಪೊಟ್ಟಣದ ಮೇಲಿನ ಮಗುವಿನ ಮುಖ ನೋಡಿ ‘ಪಾರ್ಲೆ-ಜಿ’ ಎಂದು ಓದುತ್ತಿದ್ದಳು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಇಡೀ ಕಥೆ ಒಪ್ಪಿಸುತ್ತಿದ್ದಳು. ಸರಿಯಾದ ಜಾಗಕ್ಕೆ ಬಂದಾಗ ಪುಟವನ್ನೂ ಮಗುಚುತ್ತಿದ್ದಳು. ನೆಂಟರೆದುರು ಇದಕ್ಕೆ ಚಪ್ಪಾಳೆಯೂ ಬೀಳುತ್ತಿತ್ತು.

ಶಾಲೆಗೆ ಸೇರಿದ ಮೇಲೆ ನನಗೇ ಗಾಬರಿ. ‘ಅ ಆ ಇ ಈ’ ಇಲ್ಲ, ‘ರ ಗ ಸ ದ ಅ’ ಎಂದು ಶುರು! ಇದೆಂಥ ಮಾರಾಯ್ರೆ, ಅರಸನನ್ನೇ ಹಿಂದಿನ ಬೆಂಚಿಗೆ ಕಳಿಸಿದ ಹಾಗೆ ಎಂದುಕೊಂಡೆ. ಸರಕಾರಿ ಶಾಲೆಗಳ ‘ನಲಿ-ಕಲಿ’ ಕ್ರಮವಂತೆ. ಒಂದೇ ಬಗೆಯ ತಿರುವಿನ ಅಕ್ಷರಗಳನ್ನು ಮೊದಲು ಬರೆಸುತ್ತಾರೆ. ಸ್ವಲ್ಪ ದಿನದಲ್ಲೇ ಇವಳು ‘ಸರ’, ‘ಅರಸ’, ‘ಗರಗಸ’ ಎಂದು ಓದಿ ಹೇಳಿದಾಗ ನನ್ನ ಬಾಯಿ ಮುಚ್ಚಿತು. ನಾವು ಪಾಗಾರದ ಬುಡದ ನೀರುಕಡ್ಡಿ ಮುರಿದು ಸ್ಲೇಟು ಒರೆಸಿ ಒರೆಸಿ 49 ಅಕ್ಷರಗಳನ್ನು ‘ಳ’ದವರೆಗೆ ತಿದ್ದಿ ಮುಗಿಸಿದರೂ ‘ಗರಗಸ’ ಓದಲು ಬರುತ್ತಿರಲಿಲ್ಲ. ಬೆರಳು ಕಲಿತಿತ್ತು, ಕಣ್ಣು ಇನ್ನೂ ಕಲಿತಿರಲಿಲ್ಲ.

ಆಮೇಲೆ ಕಾಗುಣಿತ. 34 ವ್ಯಂಜನಗಳಿಗೆ ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಲ್ಲ ಹಚ್ಚಿದರೆ ರೂಪಗಳು 400 ದಾಟುತ್ತವೆ. ಒತ್ತಕ್ಷರದ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ 2007ರ ತಮ್ಮ ಲೇಖನದಲ್ಲಿ, ಈ ಅಕ್ಷರಗಳು ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆಂದು ತೋರಿಸಿದ್ದಾರೆ. ಯುಕೆಜಿ ಮಗು ಪೇಪರ್ ಓದುವುದಿಲ್ಲವೆಂದು ಟ್ಯೂಷನ್ ಹುಡುಕುವ ನಮ್ಮೂರಿನ ಅಪ್ಪ-ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ನಮ್ಮ ಕಡೆ ಇನ್ನೊಂದು ತಮಾಷೆ ಉಂಟು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಒಂದು ಸಂಜೆ ಮೊಮ್ಮಗಳು ಚಿತ್ರದ ಕೆಳಗೆ ಬೆರಳಿಟ್ಟು “ಹು... ಲಿ...” ಎಂದು ಕೂಡಿಸಿ, ಒಮ್ಮೆಲೇ ಮುಖ ಅರಳಿಸಿ “ಪಿಲಿ!” ಎಂದಳು. ಅವಳಮ್ಮ ತಪ್ಪೆಂದಳು. ನಾನು ಸರಿಯೆಂದೆ. ಅಕ್ಷರ ದಾಟಿ ಅರ್ಥ ಮುಟ್ಟಿದ ಮೇಲೆ ಇನ್ನೇನು ಬೇಕು? ಪಂಪನಾದರೆ ಹತ್ತಿರ ಹತ್ತಿರ ಪೂರ್ತಿ ಅಂಕ ಕೊಡುತ್ತಿದ್ದ. ಅವನ ಕಾಲದಲ್ಲಿ ಹುಲಿ ‘ಪುಲಿ’ಯೇ. ಪಕಾರ ಹಕಾರವಾಗಲು ಕನ್ನಡಕ್ಕೆ ಶತಮಾನಗಳು ಬೇಕಾದವು, ಇವಳು ಅರ್ಧ ನಿಮಿಷದಲ್ಲಿ ಹಿಂದೆ ಹೋಗಿ ಬಂದಳು.

ಮಾತು ಒಂದು, ಬರಹ ಇನ್ನೊಂದು ಎಂಬುದು ಇಲ್ಲಿ ಹೊಸತೂ ಅಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ‘ಧವಳಾ’ ಎಂಬ ಜೈನ ಗ್ರಂಥದ ತಾಳೆಗರಿಗಳ ಭಾಷೆ ಬಹುಪಾಲು ಪ್ರಾಕೃತ, ಲಿಪಿ ಕನ್ನಡ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರದ್ದು ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಮಕ್ಕಳಿಗಾಗಿ ಬರೆದದ್ದು ಕನ್ನಡ. ಅವರು ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ತಡವರಿಸುವ ನಾಲಿಗೆಗಳನ್ನು ಎಷ್ಟೋ ಕೇಳಿರಬೇಕು. ‘ಗುಡುಗುಡು ಗುಮ್ಮಟ ದೇವರು’ ಎಂಬ ಅವರ ಕಥೆಯ ಹೆಸರನ್ನೇ ನೋಡಿ: ಒಂದು ‘ಗುಡು’ ಕಷ್ಟಪಟ್ಟು ಓದಿದ ಮಗುವಿಗೆ ಇನ್ನೊಂದು ‘ಗುಡು’ ಪುಕ್ಕಟೆ.

ಬೆಳುವಾಯಿಯಲ್ಲಿ ವಾಪಸು ಬಸ್ಸಿಗೆ ಕಾಯುತ್ತಾ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದೆವು. ಅವಳು ಅಂಗಡಿಯ ಬೋರ್ಡನ್ನೇ ದಿಟ್ಟಿಸಿ “ಬೆ... ಳು... ವಾ... ಯಿ” ಎಂದು ನಾಲ್ಕೂ ಅಕ್ಷರ ಮುಗಿಸಿ ನನ್ನ ಮುಖ ನೋಡಿದಳು. ನಾನು ಶರಬತ್ತು ಕೊಡಿಸಿದೆ. ಅಂದಿನಿಂದ ಅವಳು ಯಾವ ಬಸ್ಸಿನ ಬೋರ್ಡನ್ನೂ ಕೊನೆಯ ಅಕ್ಷರದವರೆಗೆ ಓದದೆ ಬಿಡುವುದಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.